ವೈಯಕ್ತಿಕ ಅಭಿವೃದ್ಧಿ ಖಾತೆ

ಕಡಿಮೆ ವರಮಾನದ ದುಡಿಮೆಗಾರರು ಕೂಡಿಟ್ಟ ಹಣಕ್ಕೆ ಸರ್ಕಾರ ಅಥವಾ ಸೇವಾಸಂಸ್ಥೆ ತನ್ನ ಪಾಲು ಸೇರಿಸಿ, ಅವರು ಆಸ್ತಿ ಮಾಡಿಕೊಳ್ಳಲು ನೆರವಾಗುವ ಉಳಿತಾಯ ಯೋಜನೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಬಳಕೆಗೆ ಬಂದಿತು.

ಹಿನ್ನೆಲೆ: ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಶೆರಾಡನ್ 1991ರಲ್ಲಿ ‘ಅಸೆಟ್ಸ್ ಅಂಡ್ ದ ಪೂರ್’ ಗ್ರಂಥದಲ್ಲಿ ಈ ಖಾತೆಯನ್ನು ಪ್ರತಿಪಾದಿಸಿದರು. ಸರ್ಕಾರದ ನೆರವು ತಿಂಗಳ ಖರ್ಚಿಗೇ ಮುಗಿದುಹೋಗುತ್ತದೆ, ಬಡತನ ದಾಟಲು ಕೈಯಲ್ಲಿ ಆಸ್ತಿ ಇರಬೇಕು ಎಂಬುದು ಅವರ ವಾದ. ಆಗಿನ ಕುಟುಂಬ ನೆರವು ಯೋಜನೆಯಲ್ಲಿ, ವಾಸದ ಮನೆಯಂಥವನ್ನು ಬಿಟ್ಟು, 1,000 ಡಾಲರಿಗಿಂತ ಹೆಚ್ಚಿನ ಸ್ವತ್ತಿದ್ದವರಿಗೆ ನೆರವು ಸಿಗುತ್ತಿರಲಿಲ್ಲ. ಅತ್ತ ಉಳ್ಳವರಿಗೆ ಗೃಹಸಾಲದ ಬಡ್ಡಿ, ನಿವೃತ್ತಿ ಉಳಿತಾಯಗಳ ಮೇಲೆ ತೆರಿಗೆ ರಿಯಾಯಿತಿ ಇತ್ತು.

ಬೆಳವಣಿಗೆ: 1996ರ ಕಲ್ಯಾಣ ಸುಧಾರಣಾ ಕಾಯ್ದೆ ಇಂಥ ಖಾತೆಗಳಿಗೆ ಅನುದಾನ ಬಳಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. 1997ರಲ್ಲಿ ‘ಅಮೆರಿಕನ್ ಡ್ರೀಮ್ ಡೆಮಾನ್‌ಸ್ಟ್ರೇಷನ್’ ಎಂಬ ದೊಡ್ಡ ಪ್ರಯೋಗ ಆರಂಭವಾಯಿತು. 1998ರ ‘ಅಸೆಟ್ಸ್ ಫಾರ್ ಇಂಡಿಪೆಂಡೆನ್ಸ್’ ಕಾಯ್ದೆಯಿಂದ ಕೇಂದ್ರ ಸರ್ಕಾರದ ಹಣವೂ ಹರಿಯಿತು. ಈ ಕಾಯ್ದೆಯಡಿ ಖಾತೆಗೆ ತುಂಬುವ ಹಣ ದುಡಿದು ಗಳಿಸಿದ್ದೇ ಆಗಿರಬೇಕಿತ್ತು. ಉಳಿಸಿದ ಪ್ರತಿ ಡಾಲರಿಗೆ 1ರಿಂದ 8 ಡಾಲರ್‌ವರೆಗೆ ಪಾಲು ಸೇರುತ್ತಿತ್ತು. ಮೊದಲ ಮನೆ, ಉನ್ನತ ಶಿಕ್ಷಣ ಅಥವಾ ಸಣ್ಣ ಉದ್ದಿಮೆಗೆ ಮಾತ್ರ ಅದನ್ನು ಬಳಸಬಹುದಿತ್ತು. ಹಣ ಉಳಿತಾಯದಾರರ ಕೈಗೆ ಬರದೆ ಮನೆ ಮಾರುವವರಿಗೋ ಕಾಲೇಜಿಗೋ ನೇರವಾಗಿ ಸಂದಾಯವಾಗುತ್ತಿತ್ತು. ಹಣಕಾಸು ತರಬೇತಿಯೂ ಯೋಜನೆಯ ಭಾಗವಾಗಿತ್ತು. 2017ರ ಹೊತ್ತಿಗೆ ಕೇಂದ್ರದ ಅನುದಾನ ನಿಂತಿತು.

ಫಲಿತಾಂಶ: ಮೊದಲ ಪ್ರಯೋಗದಲ್ಲಿ ಸರಾಸರಿ ನಿವ್ವಳ ಉಳಿತಾಯ ತಿಂಗಳಿಗೆ 20 ಡಾಲರಿಗೂ ಕಡಿಮೆಯಿತ್ತು. ಮೊತ್ತ ಸಣ್ಣದಾದರೂ ಬಡವರು ಉಳಿಸಬಲ್ಲರೆಂಬುದಕ್ಕೆ ಅದು ಸಾಕ್ಷಿಯಾಯಿತು. ಓಕ್ಲಹೋಮದ ಟಲ್ಸಾದಲ್ಲಿ ಅರ್ಜಿದಾರರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಖಾತೆ ಕೊಟ್ಟು ಹೋಲಿಸಲಾಯಿತು. ನಾಲ್ಕು ವರ್ಷಗಳಲ್ಲಿ ಖಾತೆ ಪಡೆದ ಬಾಡಿಗೆದಾರರಲ್ಲಿ ಮನೆ ಕೊಂಡವರು ಹೆಚ್ಚಾಗಿದ್ದರು; ಹತ್ತು ವರ್ಷಗಳ ಹೊತ್ತಿಗೆ ಮತ್ತೊಂದು ಗುಂಪೂ ಸರಿಸಮಕ್ಕೆ ಬಂದು, ಗಣನೀಯ ವ್ಯತ್ಯಾಸ ಉಳಿಯಲಿಲ್ಲ. ಖಾತೆಯು ಮನೆ ಖರೀದಿಯನ್ನು ಹೆಚ್ಚಿಸಿತೋ, ಬರೀ ಬೇಗ ಮಾಡಿಸಿತೋ ಎಂಬ ಚರ್ಚೆಗೆ ಇದು ಮೂಲವಾಯಿತು.

ಇತರೆಡೆ: ಬ್ರಿಟನ್ 2018ರಲ್ಲಿ ‘ಹೆಲ್ಪ್ ಟು ಸೇವ್’ ಖಾತೆ ತೆರೆದು, ಉಳಿತಾಯದ ಮೇಲೆ ಶೇ 50ರ ಬೋನಸ್ ಕೊಡತೊಡಗಿತು. ಭಾರತದಲ್ಲಿ 2019ರಲ್ಲಿ ಆರಂಭವಾದ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆಯಲ್ಲಿ, ತಿಂಗಳಿಗೆ ₹15,000ದವರೆಗೆ ವರಮಾನವಿರುವ ಅಸಂಘಟಿತ ಕಾರ್ಮಿಕರು ಸೇರುವಾಗಿನ ವಯಸ್ಸಿಗೆ ತಕ್ಕಂತೆ ತಿಂಗಳಿಗೆ ₹55ರಿಂದ ₹200 ಕಟ್ಟಿದರೆ ಕೇಂದ್ರ ಸರ್ಕಾರವೂ ಅಷ್ಟೇ ಕಟ್ಟುತ್ತದೆ. ಆದರೆ ಅದರ ಗುರಿ ಮನೆ, ಉದ್ದಿಮೆಯಲ್ಲ. 60 ವರ್ಷ ತುಂಬಿದ ಮೇಲೆ ತಿಂಗಳಿಗೆ ₹3,000 ಪಿಂಚಣಿ.