ಹಳಿಯಾಚೆ ಉಳಿದ ಹೊಲ: ರೈಲ್ವೆ ಭೂಸ್ವಾಧೀನದಲ್ಲಿ ತುಂಡಾದ ಜಮೀನಿನ ಪರಿಹಾರ

ರೈಲು ಮಾರ್ಗಕ್ಕೆ ಜಮೀನು ಬಿಟ್ಟುಕೊಟ್ಟವರ ಪರಿಹಾರದ ಚರ್ಚೆ ಬಹುಮಟ್ಟಿಗೆ ಎಕರೆಗೆ ಎಷ್ಟು ಎಂಬಲ್ಲಿಗೇ ನಿಲ್ಲುತ್ತದೆ. ಅಣೆಕಟ್ಟು ಊರನ್ನೇ ಮುಳುಗಿಸುತ್ತದೆ; ಹಳಿ ಹೊಲವನ್ನು ಸೀಳಿಕೊಂಡು ಹೋಗುತ್ತದೆ. ಸ್ವಾಧೀನವಾದದ್ದು ಹತ್ತೇ ಗುಂಟೆ ಇರಬಹುದು. ಆದರೆ ಬಾವಿ ಈಚೆ, ಗದ್ದೆ ಆಚೆ ಉಳಿದರೆ ಆ ನಷ್ಟವನ್ನು ಹತ್ತು ಗುಂಟೆಯ ಬೆಲೆ ತುಂಬಿಕೊಡಲಾರದು. ಆದ್ದರಿಂದ ರೈಲ್ವೆ ಪರಿಹಾರ ನ್ಯಾಯವಾಗಿದೆಯೇ ಎಂಬುದನ್ನು ಉಳಿದ ಜಮೀನನ್ನು ನೋಡಿಯೇ ಅಳೆಯಬೇಕು ಎಂಬುದು ನನ್ನ ವಾದ.

ಶಾಸನ ಇದನ್ನು ಮೊದಲಿನಿಂದಲೂ ಬಲ್ಲದು. ಬ್ರಿಟನ್ನಿನ 1845ರ ಕಾಯಿದೆಗಳು ಜಮೀನು ತುಂಡಾದದ್ದಕ್ಕೆ ಪರಿಹಾರ ಕೊಡಿಸಿದ್ದಲ್ಲದೆ ದಾಟುದಾರಿ, ಸೇತುವೆ, ಚರಂಡಿಗಳನ್ನು ಕಂಪನಿಯೇ ಕಟ್ಟಿಕೊಡಬೇಕೆಂದವು. ನಮ್ಮ 1894ರ ಭೂಸ್ವಾಧೀನ ಕಾಯಿದೆಯ 23ನೇ ಕಲಮಿನಲ್ಲಿ ತುಂಡಾದ ನಷ್ಟಕ್ಕೆ ಜಾಗವಿತ್ತು; ಅದರ ಬದಲಿಗೆ ಬಂದ 2013ರ ಕಾಯಿದೆಯ 28ನೇ ಕಲಮಿನಲ್ಲೂ ಇದೆ. ಹಳಿಯಿಂದ ಭೂಬಳಕೆಗೆ ಆದ ಅಡ್ಡಿಯನ್ನು ಸರಿಪಡಿಸುವ ಹೊಣೆಯನ್ನು 1989ರ ರೈಲ್ವೆ ಕಾಯಿದೆಯ 16ನೇ ಕಲಮು ರೈಲ್ವೆಯ ಮೇಲೆ ಹೊರಿಸಿದೆ.

ಆದರೂ ಸುಧಾರಣೆಯ ಒತ್ತೆಲ್ಲ ಬಿದ್ದದ್ದು ಹೋದ ನೆಲದ ಮೇಲೆ. ಬಲವಂತದ ಸ್ವಾಧೀನಕ್ಕೆಂದು ಕೊಡುವ ಹೆಚ್ಚುವರಿ ಮೊತ್ತ, ಅಂದರೆ ಸೊಲೇಷಿಯಂ, 1894ರಲ್ಲಿ ಶೇ. 15 ಇದ್ದದ್ದು 1984ರ ತಿದ್ದುಪಡಿಯಿಂದ ಶೇ. 30 ಆಯಿತು. ವಿಶೇಷ ರೈಲ್ವೆ ಯೋಜನೆಗಳಿಗಾಗಿ 2008ರಲ್ಲಿ ಬಂದ ತಿದ್ದುಪಡಿ ಅದನ್ನು ಶೇ. 60ಕ್ಕೆ ಏರಿಸಿತು. ಇವೆಲ್ಲವೂ ಹೋದ ಜಮೀನಿನ ಮಾರುಕಟ್ಟೆ ಬೆಲೆಗೆ ಕಟ್ಟುಬಿದ್ದ ಲೆಕ್ಕಗಳು. 2013ರ ಕಾಯಿದೆಯ ಶೇ. 100ರ ಸೊಲೇಷಿಯಂ 2015ರಲ್ಲಿ ರೈಲ್ವೆ ಕಾಯಿದೆಯಡಿಯ ಸ್ವಾಧೀನಗಳಿಗೂ ಅನ್ವಯವಾಯಿತು. ಅದು ದೊಡ್ಡ ಹೆಜ್ಜೆಯೇ ಸರಿ.

ಒಂದು ಗುಂಟೆಯನ್ನೂ ಕಳೆದುಕೊಳ್ಳದ ನೆರೆಯವನ ಪಾಡು ಇನ್ನೂ ಕಷ್ಟದ್ದು. ಹ್ಯಾಮರ್‌ಸ್ಮಿತ್ ರೈಲ್ವೆ ವಿರುದ್ಧ ಬ್ರ್ಯಾಂಡ್ ಪ್ರಕರಣದಲ್ಲಿ 1869ರಲ್ಲಿ ಹೌಸ್ ಆಫ್ ಲಾರ್ಡ್ಸ್, ಓಡುವ ರೈಲಿನ ಅದುರಿಕೆಯಿಂದ ಮನೆಯ ಬೆಲೆ ಇಳಿದರೂ ಪರಿಹಾರವಿಲ್ಲ ಎಂದಿತು. ಬ್ರಿಟನ್ ಆ ನೋವಿಗೆ ಸ್ಪಂದಿಸಿ ಹೊಸ ಕಾಯಿದೆ ತಂದದ್ದು 1973ರಲ್ಲಿ. ನಮ್ಮ 2013ರ ಕಾಯಿದೆಯ 28ನೇ ಕಲಮು ಜಮೀನು ಬಿಟ್ಟುಕೊಟ್ಟವನ ಇತರ ಆಸ್ತಿಗಾದ ಹಾನಿಯನ್ನು ಹೆಸರಿಸುತ್ತದೆ. ಪಕ್ಕದ ಮನೆಯವನನ್ನು ಹೆಸರಿಸುವುದಿಲ್ಲ. ಈ ಅಂತರ ಇಷ್ಟು ಕಾಲ ಉಳಿದದ್ದು ಸಲ್ಲದು.

ತುಂಡಾಗುವ ಜಮೀನಿನ ನಷ್ಟ ತುಂಬುವ ಕೆಲಸಕ್ಕೆ, ರೈಲ್ವೆ ಮತ್ತು ಕಂದಾಯ ಅಧಿಕಾರಿಗಳು ಒಟ್ಟಾಗಿ ನಡೆಸುವ ಜಂಟಿ ಅಳತೆಯ ಹಂತದಲ್ಲೇ ಕೈಹಾಕಬೇಕು. ಹೋಗುವ ನೆಲದ ಜೊತೆಗೆ ಉಳಿಯುವ ತುಂಡುಗಳ ನೀರಿನ ಮೂಲ, ಬಂಡಿದಾರಿ, ಮಳೆನೀರು ಹರಿಯುವ ದಿಕ್ಕು ದಾಖಲಾಗಬೇಕು. ಕೆಳಸೇತುವೆಯ ಜಾಗ ಮತ್ತು ಅಗಲ ಪರಿಹಾರದ ಐತೀರ್ಪಿನಲ್ಲೇ ನಮೂದಾಗಬೇಕು.