ದಡಾರ ನಿರೋಧದ ಇತಿಹಾಸ

ಒಮ್ಮೆ ದಡಾರ ಬಂದುಹೋದವರಿಗೆ ಅದು ಮರಳಿ ಬಾರದೆಂಬುದು ಮನೆಯ ಹಿರಿಯರಿಗೆಲ್ಲ ತಿಳಿದ ಸಂಗತಿಯೇ ಆಗಿದ್ದರೂ, ಅದಕ್ಕೆ ಶಾಸ್ತ್ರೀಯವಾದ ಪ್ರಮಾಣವು ದೊರೆತುದು 1846ರಲ್ಲಿ, ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ. ಸುಮಾರು 7,800 ಮಂದಿಯ ಆ ನಾಡಿನಲ್ಲಿ 6,000ಕ್ಕೂ ಮಿಕ್ಕಿ ಜನರು ಕೆಲವೇ ತಿಂಗಳುಗಳಲ್ಲಿ ಹಾಸಿಗೆ ಹಿಡಿದಾಗ, ಅಲ್ಲಿಗೆ ಹೋದ ಡೆನ್ಮಾರ್ಕಿನ ತರುಣ ವೈದ್ಯ ಪೀಟರ್ ಪಾನುಮ್, 1781ರ ಉಪದ್ರವದಲ್ಲಿ ನರಳಿ ಬದುಕಿದ್ದ ವೃದ್ಧರಿಗೆ ರೋಗವು ಮತ್ತೆ ತಗುಲಲಿಲ್ಲವೆಂಬುದನ್ನು ಕಂಡರು. ಅರುವತ್ತೈದು ವರ್ಷಗಳ ಮೇಲೂ ದೇಹವು ಹಳೆಯ ಶತ್ರುವನ್ನು ಗುರುತಿಸಬಲ್ಲುದಾದರೆ, ರೋಗದ ಯಾತನೆಯಿಲ್ಲದೆ ಆ ಗುರುತನ್ನು ಮಾತ್ರ ಕಲಿಸುವುದು ಹೇಗೆಂಬ ಪ್ರಶ್ನೆಯು ಮುಂದೆ ಒಂದು ಶತಮಾನ ಕಾಲ ಉತ್ತರವಿಲ್ಲದೆ ಉಳಿಯಿತು. ರೋಗಿಗಳ ರಕ್ತವನ್ನೇ ಆರೋಗ್ಯವಂತರ ಚರ್ಮದೊಳಗೆ ಸೇರಿಸಿ ಸೌಮ್ಯವಾದ ದಡಾರವನ್ನು ಬರಿಸಲು ಎಡಿನ್‌ಬರೋದ ಫ್ರಾನ್ಸಿಸ್ ಹೋಮ್ 1758ರಷ್ಟು ಹಿಂದೆಯೇ ಪ್ರಯತ್ನಿಸಿದ್ದರೂ ಆ ಮಾರ್ಗವು ಮುಂದುವರಿಯಲಿಲ್ಲ.

1954ರಲ್ಲಿ ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ ಬಾಸ್ಟನ್ ಸಮೀಪದ ಶಾಲೆಯೊಂದರ ಬಾಲಕನ ರಕ್ತದಿಂದ ವೈರಸ್ಸನ್ನು ಬೇರ್ಪಡಿಸಿದರು. ಎಡ್ಮನ್‌ಸ್ಟನ್ ಎಂದು ಹೆಸರಾದ ಆ ತಳಿಯನ್ನು ಮಾನವ ಮೂತ್ರಪಿಂಡದ ಜೀವಕೋಶಗಳಲ್ಲಿಯೂ ಅನಂತರ ಕೋಳಿಯ ಭ್ರೂಣದಲ್ಲಿಯೂ ಪುನಃಪುನಃ ಬೆಳೆಸಿದಾಗ, ಅದು ಮನುಷ್ಯನನ್ನು ಪೀಡಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡು, ರಕ್ಷೆಯನ್ನು ಹುಟ್ಟಿಸುವ ಶಕ್ತಿಯನ್ನು ಮಾತ್ರ ಉಳಿಸಿಕೊಂಡಿತು. 1963ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಸಜೀವ ಲಸಿಕೆಯಿಂದ ಹಲವು ಮಕ್ಕಳಿಗೆ ಜ್ವರವೂ ಗಂಧೆಯೂ ಬರುತ್ತಿದ್ದುದರಿಂದ, ಜೊತೆಯಲ್ಲಿ ಗಾಮಾ ಗ್ಲಾಬ್ಯುಲಿನ್ ಕೊಡಬೇಕಾಗುತ್ತಿತ್ತು. ಅದೇ ವರ್ಷ ಬಂದ ನಿರ್ಜೀವ ಲಸಿಕೆಯಾದರೋ ಯಾವ ಜ್ವರವನ್ನೂ ತಾರದೆ ಹೆಚ್ಚು ಸಾಧುವೆಂಬಂತೆ ತೋರಿತು. ಆದರೆ ಅದರ ರಕ್ಷೆಯು ಬೇಗನೆ ಕ್ಷೀಣಿಸಿ, ಅದನ್ನು ಪಡೆದಿದ್ದ ಕೆಲವು ಮಕ್ಕಳಿಗೆ ನಿಜವಾದ ದಡಾರವು ತಗುಲಿದಾಗ ತೀವ್ರ ಜ್ವರವೂ ನ್ಯುಮೋನಿಯವೂ ಕೂಡಿದ ವಿಲಕ್ಷಣ ರೂಪದಲ್ಲಿ ಎರಗಿದುದರಿಂದ, 1967ರಲ್ಲಿ ಅದನ್ನು ಹಿಂತೆಗೆಯಬೇಕಾಯಿತು. ಈ ಕ್ಷೇತ್ರವು ಕಲಿತ ಪಾಠಗಳಲ್ಲಿ ಇದೇ ಅತ್ಯಂತ ಕಠಿಣವಾದುದೆಂದು ನನ್ನ ಭಾವನೆ. ಸಜೀವ ತಳಿಯನ್ನೇ ಮತ್ತಷ್ಟು ಮೆತ್ತಗಾಗಿಸಿದ ಲಸಿಕೆಗಳು 1965ರಲ್ಲಿಯೂ, ಮಾರಿಸ್ ಹಿಲೆಮನ್ನರ ಪ್ರಯತ್ನದಿಂದ 1968ರಲ್ಲಿಯೂ ಬಂದುವು.

ಆಮೇಲಿನ ಕಥೆಯೆಲ್ಲ ಲಸಿಕೆಯನ್ನು ಸಕಾಲದಲ್ಲಿ ಮಗುವಿಗೆ ಮುಟ್ಟಿಸುವ ಕಥೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು 1985ರಲ್ಲಿ ದಡಾರವನ್ನು ಸೇರಿಸಿಕೊಂಡು, ಒಂಬತ್ತು ತಿಂಗಳು ತುಂಬಿದ ಶಿಶುವಿಗೆ ಚುಚ್ಚುಮದ್ದು ಹಾಕಲು ನಿಶ್ಚಯಿಸಿತು. ಅದಕ್ಕೂ ಮುಂಚೆ ಹಾಕಿದರೆ ತಾಯಿಯಿಂದ ಬಂದ ಪ್ರತಿಕಾಯಗಳೇ ಲಸಿಕೆಯನ್ನು ನಿಷ್ಫಲಗೊಳಿಸುತ್ತವೆ. ತಡಮಾಡಿದರೆ ರೋಗವೇ ಮುಂದಾಗಿ ಬರುತ್ತದೆ. ಒಂಬತ್ತನೆಯ ತಿಂಗಳಲ್ಲಿ ಕೊಟ್ಟ ಲಸಿಕೆಯು ಸುಮಾರು 85 ಪ್ರತಿಶತ ಮಕ್ಕಳಲ್ಲಿ ಮಾತ್ರ ಫಲಿಸುವುದರಿಂದಲೂ, ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಹರಡಬಲ್ಲ ಈ ವ್ಯಾಧಿಯನ್ನು ತಡೆಯಲು ಸಮಾಜದಲ್ಲಿ 95 ಪ್ರತಿಶತ ಜನರಿಗೆ ರಕ್ಷೆಯಿರಬೇಕಾದುದರಿಂದಲೂ, 2010ರಿಂದ ಎರಡನೆಯ ವರಸೆಯು ಆರಂಭವಾಯಿತು. ರುಬೆಲ್ಲಾ ಲಸಿಕೆಯನ್ನೂ ಕೂಡಿಸಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಹಾಕುವ ಮಹಾ ಅಭಿಯಾನವು 2017ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡಿತು. ಲಸಿಕೆಗೂ ಆಟಿಸಮ್ಮಿಗೂ ಸಂಬಂಧವುಂಟೆಂಬ ಭೀತಿಯನ್ನು ಹುಟ್ಟಿಸಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತಾದರೂ, ಆ ಭೀತಿಗೆ ಎಳೆಯ ಜೀವಗಳು ಬೆಲೆ ತೆತ್ತುವು.

ಪುಡಿಯ ರೂಪದಲ್ಲಿರುವ ಈ ಲಸಿಕೆಯನ್ನು ದ್ರವದಲ್ಲಿ ಕಲಸಿದ ಮೇಲೆ ನಾಲ್ಕು ತಾಸಿನೊಳಗೆ ಬಳಸಬೇಕು, ಅಷ್ಟು ಹೊತ್ತೂ ತಂಪಿನಲ್ಲಿಡಬೇಕು, ಮಿಕ್ಕುದನ್ನು ಚೆಲ್ಲಬೇಕು. ಹತ್ತು ಮಕ್ಕಳಿಗಾಗುವ ಸೀಸೆಯನ್ನು ಇಬ್ಬರು ಮಕ್ಕಳಿಗಾಗಿ ಒಡೆಯಲು ಹಿಂಜರಿದ ದಾದಿಯು, ಮುಂದಿನ ತಿಂಗಳು ಬನ್ನಿರೆಂದು ತಾಯಿಯನ್ನು ಕಳುಹಿಸಿದರೆ, ಆ ಒಂದು ತಿಂಗಳು ಶಿಶುವು ರಕ್ಷೆಯಿಲ್ಲದೆ ಇರುತ್ತದೆ. ಸೂಜಿಯ ಬದಲು ಚರ್ಮಕ್ಕೆ ಅಂಟಿಸಬಹುದಾದ, ಅತಿ ಸಣ್ಣ ಮೊನೆಗಳುಳ್ಳ ಪಟ್ಟಿಯೊಂದನ್ನು ಗ್ಯಾಂಬಿಯಾದ ಎಳೆಯ ಮಕ್ಕಳಲ್ಲಿ ಪರೀಕ್ಷಿಸಿದಾಗ ಅದು ಚುಚ್ಚುಮದ್ದಿನಷ್ಟೇ ಪ್ರತಿಕಾಯಗಳನ್ನು ಹುಟ್ಟಿಸಿತೆಂದು 2024ರಲ್ಲಿ ಪ್ರಕಟವಾಯಿತು; ಒಂದು ಮಗುವಿಗೆ ಒಂದೇ ಪಟ್ಟಿಯಾದುದರಿಂದ ಅಲ್ಲಿ ಸೀಸೆಯನ್ನು ಒಡೆಯುವ ಪ್ರಶ್ನೆಯೇ ಏಳುವುದಿಲ್ಲ.