1955ರ ಎರಡು ಹಲ್ಲುಗಳು

1955ರಲ್ಲಿ ನಮ್ಮ ಹುಲಸೂರ ಇನ್ನೂ ಮೈಸೂರು ರಾಜ್ಯಕ್ಕೆ ಸೇರಿರಲಿಲ್ಲ. ಬೀದರ್ ಜಿಲ್ಲೆಯ ಜೊತೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಅದೇ ರಾಜ್ಯದ ನಲ್ಗೊಂಡ ಜಿಲ್ಲೆಯ ಬಗ್ಗೆ ಆ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಡಾ. ಸಿದ್ದಿಕಿ ಒಂದು ಲೇಖನ ಬರೆದರು. ನೀರಿನಲ್ಲಿದ್ದ ಫ್ಲೋರೈಡ್ ಅಲ್ಲಿನವರ ಹಲ್ಲಿಗೆ ಕಂದು ಕಲೆ ತಂದಿತ್ತು, ಬೆನ್ನುಮೂಳೆಯನ್ನು ಬಿಗಿಸಿತ್ತು.

ಅದೇ ವರ್ಷ ಅಮೆರಿಕದ ರಾಚೆಸ್ಟರ್‌ನಲ್ಲಿ ಮೈಕೆಲ್ ಬ್ಯುನೊಕೋರ್ ಎಂಬ ದಂತವೈದ್ಯ ಇನ್ನೊಂದು ಲೇಖನ ಪ್ರಕಟಿಸಿದ. ಬಣ್ಣ ಗಟ್ಟಿಯಾಗಿ ಹಿಡಿಯಲಿ ಅಂತ ಕಾರ್ಖಾನೆಯವರು ಲೋಹಕ್ಕೆ ಫಾಸ್ಫಾರಿಕ್ ಆಮ್ಲ ಹಚ್ಚುತ್ತಿದ್ದರು. ಇವನು ಅದನ್ನೇ ಹಲ್ಲಿನ ಮೇಲೆ ಮಾಡಿ ನೋಡಿದ. 85% ಆಮ್ಲ, 30 ಸೆಕೆಂಡು. ಎನಾಮಲ್ ಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಾದವು, ಅಂಟು ಅವುಗಳೊಳಗೆ ಇಳಿದು ಹಿಡಿದುಕೊಂಡಿತು. ಇವತ್ತು ಮಕ್ಕಳ ದವಡೆ ಹಲ್ಲಿಗೆ ಹಚ್ಚುವ ಸೀಲಂಟ್‌ನ ಬೇರು ಇಲ್ಲಿದೆ.

ಈ ಎರಡು ಕಥೆಗಳನ್ನು ಒಂದಾಗಿಸಿದ್ದು ಊರಿನಲ್ಲಿರುವ ನಮ್ಮಕ್ಕನ ಪ್ರಶ್ನೆ. ಮಗಳಿಗೆ ಆರು ತುಂಬಿತ್ತು, ಡಾಕ್ಟರು ಫ್ಲೋರೈಡ್ ಇರುವ ಸೀಲಂಟ್ ಹಾಕಿಸಿ ಅಂದಿದ್ದರು. ಅಕ್ಕ ಫೋನಿನಲ್ಲಿ ಕೇಳಿದಳು: "ತಮ್ಮಾ, ಫ್ಲೋರೈಡ್ ಹಲ್ಲು ಕೆಡಸ್ತದಂತಾರಲ್ಲ, ಅದನ್ನೇ ಹಲ್ಲಿಗಿ ಹಚ್ಚೂದಂದ್ರ ಹ್ಯಾಂಗ?"

ರಾಯಚೂರು, ಕೊಪ್ಪಳದ ಕಡೆ ಕೊಳವೆಬಾವಿ ನೀರು ಕುಡಿದವರನ್ನು ನೋಡಿದವರಿಗೆ ಈ ಭಯ ಸಹಜ. ಆದರೆ ಹಲ್ಲಿಗೆ ಕಲೆ ಬೀಳುವುದು ಅದು ವಸಡಿನೊಳಗೆ ರೂಪುಗೊಳ್ಳುವಾಗ, ವರ್ಷಗಟ್ಟಲೆ ಹೊಟ್ಟೆಗೆ ಹೋದ ನೀರಿನಿಂದ. ಸೀಲಂಟ್ ಹಚ್ಚುವುದು ಹಲ್ಲು ಹೊರಬಂದ ಮೇಲೆ. ಅದರಿಂದ ಹೊರಬರುವ ಫ್ಲೋರೈಡ್ ತೀರಾ ಅತ್ಯಲ್ಪ.

ಹಾಗಾದ್ರೆ ಆ ಅತ್ಯಲ್ಪದಿಂದ ಏನು ಲಾಭ? ಇಲ್ಲಿ ಇತಿಹಾಸ ಎರಡು ದಾರಿ ಹಿಡಿಯಿತು. 1967ರಲ್ಲಿ ಬ್ಯುನೊಕೋರ್ ಮತ್ತು ಕ್ಯುಯೆಟೊ ಹಲ್ಲಿನ ಗೀರುಗಳನ್ನು ಸಯನೊಆಕ್ರಿಲೇಟ್ ಅಂಟಿನಿಂದ ಮುಚ್ಚಿದ್ದರು. ಬಾಯಿಯ ತೇವದಲ್ಲಿ ಅದು ಬಾಳಲಿಲ್ಲ. ಆಮೇಲೆ ರಾಫೆಲ್ ಬೋವೆನ್ ಕಂಡುಹಿಡಿದಿದ್ದ ರೆಸಿನ್ ಬಂತು, ನಿಂತಿತು. ಇನ್ನೊಂದು ಕಡೆ 1972ರಲ್ಲಿ ಲಂಡನ್ನಿನ ವಿಲ್ಸನ್ ಮತ್ತು ಕೆಂಟ್ ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟನ್ನು ಲೋಕಕ್ಕೆ ಪರಿಚಯಿಸಿದರು. ಅದರ ಗಾಜಿನ ಪುಡಿಯಲ್ಲೇ ಫ್ಲೋರೈಡ್ ಇದೆ.

ಗ್ಲಾಸ್ ಅಯೊನೊಮರ್ ಮೊದಲ ಒಂದೆರಡು ದಿನ ಫ್ಲೋರೈಡನ್ನು ಧಾರಾಳವಾಗಿ ಬಿಡುತ್ತೆ, ಆಮೇಲೆ ತಗ್ಗುತ್ತೆ. ಪೇಸ್ಟಿನಿಂದ ಮತ್ತೆ ಸ್ವಲ್ಪ ತುಂಬಿಕೊಳ್ಳುತ್ತೆ. ಆದರೆ ಅಗಿಯುವ ಒತ್ತಡಕ್ಕೆ ಬೇಗ ಸವೆಯುತ್ತೆ. ರೆಸಿನ್ ಗಟ್ಟಿ, ವರ್ಷಗಟ್ಟಲೆ ಕೂರುತ್ತೆ. ಫ್ಲೋರೈಡ್ ಬೆರೆಸಿದರೂ ಅದು ಬಿಡುವುದು ಕಡಿಮೆ. ಸೀಲಂಟ್‌ನ ಮುಖ್ಯ ಕೆಲಸ ಬ್ರಷ್ಷಿನ ಎಳೆ ಹೋಗದ ಗೀರನ್ನು ಮುಚ್ಚುವುದು. ಆದ್ದರಿಂದ ಹಲ್ಲನ್ನು ಒಣಗಿಸಲು ಆಗುವುದಾದರೆ ರೆಸಿನ್ನೇ ಮೇಲು. ಹಲ್ಲು ಅರ್ಧವಷ್ಟೇ ಹೊರಬಂದಿದ್ದರೆ, ಎಂಜಲು ತಡೆಯಲು ಆಗದಿದ್ದರೆ ಗ್ಲಾಸ್ ಅಯೊನೊಮರ್ ಹಾಕಿ, ಮುಂದೆ ಬದಲಿಸಬಹುದು.

1955ರ ಎರಡೂ ಹಲ್ಲುಗಳು ನಿಜಕ್ಕೂ ಎದುರುಬದುರಾಗುವುದು ಇಲ್ಲೇ. ಫ್ಲೋರೈಡ್ ಹೆಚ್ಚು ಹೀರಿದ ಎನಾಮಲ್ ಆಮ್ಲಕ್ಕೆ ಸುಲಭಕ್ಕೆ ಜಗ್ಗಲ್ಲ. ರಾಚೆಸ್ಟರ್‌ನ ಆಮ್ಲ ನಲ್ಗೊಂಡದ ಹಲ್ಲಿನ ಮೇಲೆ ಅಷ್ಟು ಹಿಡಿತ ಕೊಡೋದಿಲ್ಲ. ಕಲೆ ಗಾಢವಾಗಿದ್ದರೆ ಆಮ್ಲವನ್ನು ಇನ್ನಷ್ಟು ಹೊತ್ತು ಬಿಡಬೇಕಾಗಬಹುದು. ಮಗು ಬೆಳೆದ ಊರಿನ ನೀರು ಡಾಕ್ಟರ ಕುರ್ಚಿಯವರೆಗೂ ಬಂದಿರುತ್ತೆ, ಅದನ್ನು ಅವರಿಗೆ ಹೇಳಬೇಕು.

ಅಕ್ಕನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಆರನೇ ವರ್ಷದ ಹೊತ್ತಿಗೆ ಬರುವ ದವಡೆ ಹಲ್ಲು ಯಾವ ಹಾಲುಹಲ್ಲನ್ನೂ ಬೀಳಿಸದೆ ಹಿಂದುಗಡೆ ಮೆಲ್ಲಗೆ ಮೂಡುತ್ತೆ. ಎಷ್ಟೋ ಮನೆಗಳಲ್ಲಿ ಅದನ್ನು ಬಿದ್ದುಹೋಗುವ ಹಲ್ಲು ಅಂದ್ಕೊಂಡು ಬಿಟ್ಟುಬಿಡುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಡಾಕ್ಟರ ಹತ್ತಿರ ಹೋದಾಗ "ಎಷ್ಟು ಫ್ಲೋರೈಡ್ ಬಿಡುತ್ತೆ?" ಅಂತ ಕೇಳುವ ಮೊದಲು "ಎಷ್ಟು ದಿನ ಕೂರುತ್ತೆ, ಮತ್ತೆ ಯಾವಾಗ ತೋರಿಸಬೇಕು?" ಅಂತ ಕೇಳಿ.